ಹದಿನಾಲ್ಕು ಪಾಯಿಂಟಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಹಾಸನದವರಿಗೆ ಪ್ಯಾರಾಲಿಂಪಿಕ್ಸ್ ಹೊಸದಲ್ಲ. 2012ರಲ್ಲಿ ಲಂಡನ್‌ನಲ್ಲಿ ಹೈಜಂಪ್ ಬೆಳ್ಳಿ ಗೆದ್ದ ಎಚ್.ಎನ್. ಗಿರೀಶ ಇದೇ ಜಿಲ್ಲೆಯವರು. ಪಕ್ಕದ ಚಿಕ್ಕಮಗಳೂರಿನ ರಕ್ಷಿತಾ ರಾಜು 2024ರಲ್ಲಿ ಪ್ಯಾರಿಸ್‌ನಲ್ಲಿ ಓಡಿದರು. ಆದರೆ ಗಿರೀಶ ಜಿಗಿದ ಅದೇ ಲಂಡನ್‌ನಲ್ಲಿ ಜರ್ಮನಿಯ ಹೆಣ್ಣುಮಕ್ಕಳು ಆಸ್ಟ್ರೇಲಿಯಾವನ್ನು ಸೋಲಿಸಿ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಚಿನ್ನ ಗೆದ್ದಿದ್ದರು. ಅದು ನಮ್ಮ ಕಡೆ ಯಾರ ಕಿವಿಗೂ ಬೀಳಲಿಲ್ಲ. ಇವತ್ತು ಆ ಆಟದ ಮಾತು.

ಕೋರ್ಟ್ ಮಾಮೂಲಿಯದೇ. ರಿಂಗ್ ಕೂಡ ಅದೇ 3.05 ಮೀಟರ್ ಎತ್ತರ. ಕೂತು ಆಡುತ್ತಾರೆ ಅಂತ ಒಂದಿಂಚೂ ಇಳಿಸಲ್ಲ. ಚೆಂಡು ಕೈಯಲ್ಲಿದ್ದಾಗ ಚಕ್ರವನ್ನು ಎರಡು ಸಲ ತಳ್ಳಬಹುದು. ಆಮೇಲೆ ಡ್ರಿಬಲ್ ಮಾಡಬೇಕು, ಇಲ್ಲವೇ ಚೆಂಡು ಬಿಡಬೇಕು. ಸೀಟಿನಿಂದ ಮೇಲೆದ್ದರೆ ಫೌಲ್.

ಆಟದ ಜೀವ ಇರುವುದು ಇನ್ನೊಂದು ನಿಯಮದಲ್ಲಿ. ಪ್ರತಿ ಆಟಗಾರ್ತಿಗೂ 1ರಿಂದ 4.5ರವರೆಗೆ ಪಾಯಿಂಟ್ ಕೊಡುತ್ತಾರೆ. ಹೊಟ್ಟೆ, ಬೆನ್ನಿನ ಮೇಲೆ ಹಿಡಿತವೇ ಇಲ್ಲದವರು 1. ಒಂದು ಕಾಲು ಕಳೆದುಕೊಂಡು, ಕೃತಕ ಕಾಲು ಹಾಕಿಕೊಂಡು ಓಡಾಡುವಂಥವರು 4.5ರ ಹತ್ತಿರ. ಕೋರ್ಟಿನಲ್ಲಿರುವ ಐವರ ಮೊತ್ತ 14 ದಾಟುವಂತಿಲ್ಲ. ಅಂದರೆ ಬಲವಾದ ಐವರನ್ನು ಸುಮ್ನೆ ಇಳಿಸೋಕಾಗಲ್ಲ. ಒಂದು ಪಾಯಿಂಟಿನವಳನ್ನು ಹುಡುಕಿಕೊಂಡು ಹೋಗಲೇಬೇಕು.

ಅವಳು ಲೆಕ್ಕ ತುಂಬೋಕೆ ಇರುವವಳು ಅಂದುಕೊಂಡಿರಾ? ನೋಡಿ, ಕುರ್ಚಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ನಿಂತಲ್ಲೇ ತಿರುಗುತ್ತದೆ. ಪಕ್ಕಕ್ಕೆ ಮಾತ್ರ ಸರಿಯಲ್ಲ. ಎದುರು ತಂಡದ ಎತ್ತರದವಳು ತನ್ನ ರಿಂಗ್ ಕಾಯಲು ವಾಪಸ್ ಧಾವಿಸುತ್ತಿದ್ದಾಳೆ. ನಮ್ಮ ಒಂದು ಪಾಯಿಂಟಿನವಳು ಮೊದಲೇ ಹೋಗಿ, ಅವಳ ದಾರಿಗೆ ಅಡ್ಡವಾಗಿ ಕುರ್ಚಿ ನಿಲ್ಲಿಸುತ್ತಾಳೆ. ಮುಗೀತು. ನಿಂತು ಆಡುವವರಾದರೆ ಭುಜ ಓರೆ ಮಾಡಿ ನುಸುಳಿಬಿಡುತ್ತಾರೆ. ಇಲ್ಲಿ ಹಿಂದೆ ಸರಿದು, ತಿರುಗಿ, ಸುತ್ತು ಹಾಕಿಯೇ ಬರಬೇಕು. ಅಷ್ಟರಲ್ಲಿ ನಮ್ಮ ಎತ್ತರದವಳು ರಿಂಗಿನ ಕೆಳಗೆ ಒಬ್ಬಳೇ! ಸ್ಕೋರ್ ಶೀಟಿನಲ್ಲಿ ಹೆಸರು ಬರುವುದು ಚೆಂಡು ಹಾಕಿದವಳದು. ನೆದರ್ಲೆಂಡ್ಸ್‌ನ ಯಿಟ್ಸ್ಕೆ ವಿಸ್ಸರ್ ಇಂಥ ಒಂದು ಪಾಯಿಂಟಿನ ಆಟಗಾರ್ತಿ. ಎರಡು ಪ್ಯಾರಾಲಿಂಪಿಕ್ ಚಿನ್ನ ಇದೆ ಅವರ ಹತ್ತಿರ.

ನಮ್ಮ ಪತ್ರಿಕೆಗಳು ಇವರ ಬಗ್ಗೆ ಬರೆದರೆ ಛಲ, ಸಾಹಸ ಅಂತ ಬರೆಯುತ್ತವೆ. ಈ ಅಡ್ಡಗಟ್ಟುವ ಜಾಣತನ ಒಂದು ಸಾಲಲ್ಲೂ ಬರಲ್ಲ. ನನಗೆ ಇದು ಸ್ವಲ್ಪ ಬೇಜಾರೇ.

ಪ್ಯಾರಾಲಿಂಪಿಕ್ಸ್‌ಗೆ ಮಹಿಳೆಯರ ಈ ಆಟ ಬಂದದ್ದು 1968ರಲ್ಲಿ, ಟೆಲ್ ಅವೀವ್‌ನಲ್ಲಿ. ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1990ರಲ್ಲಿ. 1992, 1996, 2000ರಲ್ಲಿ ಕೆನಡಾವನ್ನು ಮುಟ್ಟುವವರೇ ಇರಲಿಲ್ಲ. ಈಗ ನೆದರ್ಲೆಂಡ್ಸ್ ಕಾಲ. ಟೋಕಿಯೋದಲ್ಲಿ ಚಿನ್ನ, ಪ್ಯಾರಿಸ್ ಫೈನಲ್‌ನಲ್ಲಿ ಅಮೆರಿಕದ ಮೇಲೆ 63–49. ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗವೂ ಇಲ್ಲದ ದೇಶ ಅದು!

ನಮ್ಮಲ್ಲಿ ಚೆನ್ನೈನ ಮಾಧವಿ ಲತಾ ಮುಂದೆ ನಿಂತು ಒಕ್ಕೂಟ ಕಟ್ಟಿದರು. ಭಾರತದ ಮಹಿಳಾ ತಂಡ 2017ರಲ್ಲಿ ಬಾಲಿಗೆ ಹೋಗಿ ಆಡಿತು. ಪ್ಯಾರಾಲಿಂಪಿಕ್ಸ್ ಬಾಗಿಲು ಇನ್ನೂ ಮುಟ್ಟಿಲ್ಲ. ಕಾರಣ ಪ್ರತಿಭೆಯ ಕೊರತೆ ಅಂತ ನಾನು ಒಪ್ಪಲ್ಲ. ಹೈಜಂಪ್‌ಗೆ ಒಬ್ಬ ಗಿರೀಶ, ಒಬ್ಬ ಕೋಚ್ ಇದ್ದರೆ ದಾರಿ ಆಗುತ್ತದೆ. ಇಲ್ಲಿ ಒಂದೇ ಊರಲ್ಲಿ, ವಾರವಾರವೂ, ಕನಿಷ್ಠ ಹತ್ತು ಜನ ಸೇರಬೇಕು. ಚಕ್ರ ಓರೆಯಾಗಿ ಕೂರಿಸಿದ ಆಟದ ಕುರ್ಚಿ ಬೇಕು, ಆಸ್ಪತ್ರೆಯದು ನಡೆಯಲ್ಲ. ಅರಕಲಗೂಡಿನ ಹುಡುಗಿ ಕುರ್ಚಿ ಸಮೇತ ಬಸ್ ಹತ್ತಿ ಹಾಸನಕ್ಕೆ ಬರಬೇಕು. ಅದಕ್ಕೇ ಮೊದಲು ಕೇಳಬೇಕಾದ್ದು ಮೆಡಲ್ ಅಲ್ಲ, ಬಸ್ಸಿನ ಮೆಟ್ಟಿಲು. ಅಲ್ವಾ?

ಈಗ ಪ್ಯಾರಿಸ್ ಫೈನಲ್‌ನ ಒಂದು ತುಣುಕು ಹಾಕುತ್ತೇನೆ. ಚೆಂಡನ್ನು ನೋಡಬೇಡಿ. ಚೆಂಡಿನಿಂದ ದೂರ ಇರುವ ಕುರ್ಚಿಗಳನ್ನು ನೋಡಿ, ಯಾರು ಯಾರ ದಾರಿ ಕಟ್ಟುತ್ತಿದ್ದಾರೆ ಅಂತ. ಆಮೇಲೆ ಪ್ರಶ್ನೆ ಕೇಳಿ.