ಖಾಲಿ ಊರಿನ ಚಿತ್ರಕ್ಕೆ ಜೋಡಿ ಎಲ್ಲಿ?

ಕೇಳುಗರಿಗೆ ನಮಸ್ಕಾರ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಆಕಾಶದಿಂದ ತೆಗೆದ ಖಾಲಿ ಊರುಗಳ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬೇಕು. ವುಹಾನ್‌ನ ರಸ್ತೆ, ಮೆಕ್ಕಾದ ಕಾಬಾ ಅಂಗಳ, ವೆನಿಸ್‌ನ ಕಾಲುವೆ. ನಾನು ಹೇಳುವುದು ಒಂದೇ ಮಾತು: ಒಂಟಿ ಚಿತ್ರ ನಂಬಬೇಡಿ, ಅದರ ಜೋಡಿ ಕೇಳಿ. ಭಾನುವಾರ ನಸುಕಿನಲ್ಲಿ ತೆಗೆದರೆ ಯಾವ ಊರೂ ಖಾಲಿಯೇ!

ವೆನಿಸ್ ನೋಡಿ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಸೆಂಟಿನೆಲ್-2 ಉಪಗ್ರಹದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಿತು. ಒಂದು 2019ರ ಏಪ್ರಿಲ್ 19ರದು, ಇನ್ನೊಂದು 2020ರ ಏಪ್ರಿಲ್ 13ರದು. ಮೊದಲನೆಯದು ಗುಡ್ ಫ್ರೈಡೇ, ಎರಡನೆಯದು ಈಸ್ಟರ್ ಮಾರನೇ ದಿನ. ಎರಡೂ ಪ್ರವಾಸಿಗರು ಮುಗಿಬೀಳುವ ಹಬ್ಬದ ರಜೆ. ಈ ಉಪಗ್ರಹ ಸೂರ್ಯನ ಲೆಕ್ಕದಲ್ಲಿ ಬೆಳಗಿನ ಹತ್ತೂವರೆಯ ಆಸುಪಾಸಿಗೇ ಹಾಯುತ್ತದೆ, ಹಾಗಾಗಿ ಬಿಸಿಲು, ನೆರಳು ಕೂಡ ಹೆಚ್ಚುಕಡಿಮೆ ಒಂದೇ. ಜೋಡಿ ಅಂದರೆ ಇದು.

ಈ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್. ಗೊಂಡೋಲಾ ದೋಣಿಯ ಉದ್ದ ಸುಮಾರು 11 ಮೀಟರ್, ಅಗಲ ಒಂದೂವರೆ ಮೀಟರೂ ಇಲ್ಲ. ಅದನ್ನು ಇಲ್ಲಿ ಗುರುತಿಸಲು ಆಗದು. ಮತ್ತೆ ಕಂಡದ್ದೇನು? ಮೋಟಾರು ದೋಣಿ ಓಡುವಾಗ ಹಿಂದೆ ಏಳುವ ಬಿಳಿ ನೊರೆಯ ಗೆರೆ. ಅದು ದೋಣಿಗಿಂತ ಎಷ್ಟೋ ಪಾಲು ಉದ್ದ. 2019ರ ಚಿತ್ರದ ತುಂಬ ಆ ಗೆರೆಗಳು, 2020ರಲ್ಲಿ ಹುಡುಕಬೇಕು. ಅಂದರೆ ದೋಣಿ ಓಡುತ್ತಿಲ್ಲ ಎಂದಷ್ಟೇ ಗೊತ್ತಾಯಿತು. ದೋಣಿಗಳು ಕಟ್ಟೆಗೆ ಕಟ್ಟಿಕೊಂಡು ಅಲ್ಲೇ ಇದ್ದವು. ಕಾಲುವೆ ತಿಳಿಯಾದದ್ದೂ ಇದಕ್ಕೇ, ಕಲಕುವವರಿಲ್ಲದೆ ಕೆಸರು ತಳಕ್ಕೆ ಕೂತಿತು. ‘ಮಾಲಿನ್ಯ ಮಾಯ’ ಎಂದು ಹಂಚಿಕೊಂಡವರಲ್ಲಿ ನೀರು ಪರೀಕ್ಷಿಸಿದವರೆಷ್ಟು ಮಂದಿ, ಹೇಳಿ?

ರಸ್ತೆಗೂ ಇದೇ ಉಪಗ್ರಹ ಸಾಕು. ಇದರ ಕ್ಯಾಮೆರಾ ನೀಲಿ, ಹಸಿರು, ಕೆಂಪನ್ನು ಒಟ್ಟಿಗೆ ಹಿಡಿಯುವುದಿಲ್ಲ. ನೀಲಿಗೂ ಕೆಂಪಿಗೂ ನಡುವೆ ಸುಮಾರು ಒಂದು ಸೆಕೆಂಡ್ ಅಂತರ. ಗಂಟೆಗೆ 90 ಕಿಲೋಮೀಟರ್ ಓಡುವ ಲಾರಿ ಅಷ್ಟರಲ್ಲಿ 25 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ಮೂರು ಬಣ್ಣ ಸಾಲಾಗಿ ಕಂಡರೆ ಓಡುವ ಲಾರಿ. ನಿಂತ ಲಾರಿಯಲ್ಲಿ ಬಣ್ಣ ಬೇರೆಯಾಗದು.

ಸಮಯವಿಲ್ಲ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಇನ್ನೂ ಸೂಕ್ಷ್ಮವಾಗಿ ತೋರಿಸುವ ಬೇರೆ ಉಪಗ್ರಹದ ಚಿತ್ರದಲ್ಲಿ ಕಾರು ಎಣಿಸುವುದಾದರೆ ಮನೆಗಳ ಬೀದಿ ಬಿಡಿ. ಎಲ್ಲರೂ ಮನೆಯಲ್ಲಿದ್ದಾಗ ಅಲ್ಲಿ ಕಾರು ಹೆಚ್ಚೇ ನಿಂತಿರುತ್ತವೆ. ವಿಮಾನ ನಿಲ್ದಾಣದ, ಮಾಲ್‌ನ ಪಾರ್ಕಿಂಗ್ ಎಣಿಸಿ. ರಾತ್ರಿಯ ಚಿತ್ರ ಹೊಳೆಯುತ್ತಿದೆ ಅಂತ ಜನ ಓಡಾಡಿದರು ಎನ್ನಬೇಡಿ, ಬೀದಿದೀಪ ಯಾರಿಲ್ಲದಿದ್ದರೂ ಉರಿಯುತ್ತದೆ. ಇನ್ನು ಹೊಗೆಯ ನಕ್ಷೆ, ಅಂದರೆ ವಾಹನ, ಕಾರ್ಖಾನೆಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲದ ನಕ್ಷೆ. ಅದಕ್ಕೆ ಒಂದೊಂದು ದಿನದ ಜೋಡಿ ಸಾಲದು. ಜೋರು ಗಾಳಿ ಬೀಸಿದ ದಿನ ಲಾಕ್‌ಡೌನ್ ಇಲ್ಲದೆಯೂ ಅದು ಚದುರಿಹೋಗುತ್ತದೆ. ಕೆಲವು ವಾರಗಳ ಸರಾಸರಿ ತೆಗೆದು, ಹಿಂದಿನ ವರ್ಷದ ಅದೇ ವಾರಗಳ ಪಕ್ಕ ಇಡಿ.

ನಮಸ್ಕಾರ.