ಹನ್ನೊಂದನೆಯ ದಳದ ಜರ್ಮನರು

ಕೇಳುಗರಿಗೆ ನಮಸ್ಕಾರ.

ಹರ್ಮನ್ ಮೊಗ್ಲಿಂಗರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಅದರ ಮೊದಲ ಪತ್ರಿಕೆಯನ್ನು ಕೊಟ್ಟ ಈ ಪಾದ್ರಿಗಳು ಹುಟ್ಟಿದ್ದು 1811ರಲ್ಲಿ, ನೈರುತ್ಯ ಜರ್ಮನಿಯ ವುರ್ಟೆಂಬರ್ಗ್ ರಾಜ್ಯದಲ್ಲಿ. ಅದೇ ವರ್ಷ ಅದರ ಮಗ್ಗುಲಿನ ಬಾಡೆನ್ ರಾಜ್ಯದಲ್ಲಿ ಫ್ರೀಡ್ರಿಕ್ ಹೆಕರ್ ಎಂಬಾತ ಹುಟ್ಟಿದ. ಮೊಗ್ಲಿಂಗರು ಸುವಾರ್ತೆ ಹೊತ್ತು ಪೂರ್ವಕ್ಕೆ ಬಂದರು. ಹೆಕರ್ ವಕೀಲನಾಗಿ, ಶಾಸನಸಭೆಯ ಸದಸ್ಯನಾಗಿ, 1848ರಲ್ಲಿ ಅರಸೊತ್ತಿಗೆಯ ವಿರುದ್ಧ ಬಂಡೆದ್ದು ಸೋತು, ಪಶ್ಚಿಮಕ್ಕೆ ಹಡಗು ಹತ್ತಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜಮೀನು ಮಾಡಿಕೊಂಡ. ಐವತ್ತರ ಅಂಚಿನಲ್ಲಿ ಆತ ಮತ್ತೆ ಆಯುಧ ಹಿಡಿದ, ಈ ಸಲ ತಾನು ಸೇರಿಕೊಂಡ ನಾಡಿಗಾಗಿ. ಇಂದು ನಾನು ಮಾತನಾಡಹೊರಟಿರುವುದು ಆತನಂಥವರ ಬಗ್ಗೆ: 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸಿಪಾಯಿಗಳಾದ ಜರ್ಮನ್ ವಲಸಿಗರ ಬಗ್ಗೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಮೆರಿಕದ ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟದ ಪರ ನಿಂತ ಉತ್ತರಕ್ಕೂ ನಡೆದ ಯುದ್ಧ ಅದು.

1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ನೆಲೆಸಿದ್ದ, ಜರ್ಮನ್ ನಾಡುಗಳಲ್ಲಿ ಹುಟ್ಟಿದವರ ಸಂಖ್ಯೆ ಸುಮಾರು 13 ಲಕ್ಷ. ಅವರಲ್ಲಿ ಹೆಚ್ಚಿನವರು ರಾಜಕೀಯದ ಗೊಡವೆಗೆ ಹೋದವರಲ್ಲ. ಆಲೂಗಡ್ಡೆಯ ಬೆಳೆ ಕೆಟ್ಟು, ಪಾಲಾಗುತ್ತ ಪಾಲಾಗುತ್ತ ಅಂಗೈಯಗಲಕ್ಕೆ ಬಂದ ಹೊಲದಲ್ಲಿ ಹೊಟ್ಟೆ ತುಂಬದೆ ಊರು ಬಿಟ್ಟ ರೈತರು, ಬಡಗಿಗಳು, ಚಮ್ಮಾರರು, ದರ್ಜಿಗಳು. ಆದರೆ 1848ರ ಕ್ರಾಂತಿ ಸೋತ ಮೇಲೆ ತಲೆ ತಪ್ಪಿಸಿಕೊಂಡು ಬಂದ ಕೆಲವೇ ಸಾವಿರ ಮಂದಿ ಪತ್ರಕರ್ತರು, ವೈದ್ಯರು, ಮಾಜಿ ಸೇನಾಧಿಕಾರಿಗಳು ಆ ದೊಡ್ಡ ಸಮುದಾಯಕ್ಕೆ ಬಾಯಿಯಾದರು. ಅವರು ಪತ್ರಿಕೆ ನಡೆಸಿದರು, ಗುಲಾಮಗಿರಿಯನ್ನು ಖಂಡಿಸಿದರು, ‘ಟರ್ನರ್’ ಸಂಘಗಳನ್ನು ಕಟ್ಟಿದರು. ಟರ್ನರ್ ಸಂಘವೆಂದರೆ ಒಂದು ಬಗೆಯ ಗರಡಿಮನೆ: ಸಂಜೆ ಅಂಗಸಾಧನೆ, ಆಮೇಲೆ ಹಾಡು, ಬಿಯರು, ರಾಜಕೀಯದ ವಾದ. ಯುದ್ಧ ಬಂದಾಗ ಉತ್ತರದ ಒಕ್ಕೂಟದ ಸೇನೆಯನ್ನು ಸೇರಿದ ಜರ್ಮನ್ ಸಂಜಾತರು ಸುಮಾರು ಎರಡು ಲಕ್ಷ. ಹೊರನಾಡಿನಲ್ಲಿ ಹುಟ್ಟಿದ ಸಿಪಾಯಿಗಳಲ್ಲಿ ಅವರದೇ ದೊಡ್ಡ ಗುಂಪು. ತಮ್ಮನ್ನು ಅವರು ‘ಡಾಯ್ಚ್’ ಎಂದು ಕರೆದುಕೊಂಡರೆ ಇಂಗ್ಲಿಷಿನ ಬಾಯಲ್ಲಿ ಅದು ‘ಡಚ್’ ಆಯಿತು. ಹಾಲೆಂಡಿಗೂ ಅವರಿಗೂ ಸಂಬಂಧವಿರಲಿಲ್ಲ. ಆದರೂ ನಾಲ್ಕು ವರ್ಷ ಅವರ ಪಾಲಿನ ಹೊಗಳಿಕೆ ಬೈಗುಳಗಳೆಲ್ಲ ಆ ಹೆಸರಿಗೇ ಅಂಟಿಕೊಂಡು ಬಂದವು.

ಮೊದಲು ಬಂದದ್ದು ಬೈಗುಳ. ಯುದ್ಧ ಆರಂಭವಾಗಿ ತಿಂಗಳು ತುಂಬುವ ಮೊದಲೇ, 1861ರ ಮೇ 10ರಂದು, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ರಕ್ತ ಹರಿಯಿತು. ಮಿಸೌರಿ ಗುಲಾಮಗಿರಿಯಿದ್ದ ರಾಜ್ಯ. ಅಲ್ಲಿನ ಗವರ್ನರನ ಒಲವು ದಕ್ಷಿಣದ ಕಡೆಗಿತ್ತು. ನಗರದಲ್ಲಿದ್ದ ಒಕ್ಕೂಟದ ಶಸ್ತ್ರಾಗಾರದ ಮೇಲೆ ಎರಡೂ ಪಕ್ಷಗಳ ಕಣ್ಣಿತ್ತು. ನಗರದ ಅಂಚಿನಲ್ಲಿ ಬೀಡುಬಿಟ್ಟಿದ್ದ ರಾಜ್ಯದ ಪಡೆಯನ್ನು ನಥಾನಿಯಲ್ ಲಿಯಾನ್ ಎಂಬ ಒಕ್ಕೂಟದ ಅಧಿಕಾರಿ ಸುತ್ತುವರಿದು ಗುಂಡು ಹಾರಿಸದೆಯೇ ಸೆರೆಹಿಡಿದ. ಅವನ ಕೈಕೆಳಗಿದ್ದವರಲ್ಲಿ ಹೆಚ್ಚಿನವರು ಜರ್ಮನ್ ಸ್ವಯಂಸೇವಕರು, ಅವರಲ್ಲಿ ಅನೇಕರು ಟರ್ನರ್ ಸಂಘಗಳಿಂದ ನೇರವಾಗಿ ಬಂದವರು. ಸೆರೆಯಾಳುಗಳನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗುವಾಗ ಕೂಡಿದ ಜನ ‘ಡಚ್’ ಎಂದು ಹೀಯಾಳಿಸಿ ಕಲ್ಲು ತೂರಿದರು. ಎಲ್ಲಿಂದಲೋ ಗುಂಡು ಹಾರಿತು, ಸಿಪಾಯಿಗಳೂ ಹಾರಿಸಿದರು, ಸುಮಾರು 28 ಮಂದಿ ಸತ್ತರು. ಶಸ್ತ್ರಾಗಾರ ಒಕ್ಕೂಟದ ಕೈಯಲ್ಲೇ ಉಳಿಯಿತು. ಗುಂಡು ಹೊಡೆದವರು ಪರದೇಶಿಗಳು ಎಂಬ ಮಾತೂ ಅದರ ಜೊತೆಗೇ ಉಳಿಯಿತು.

ಈ ಎರಡು ಲಕ್ಷ ಜನರೂ ಸ್ವಾತಂತ್ರ್ಯದ ಹಾಡು ಹೇಳುತ್ತ ಸೇನೆ ಸೇರಿದರೆಂದು ತಿಳಿಯಬೇಕಾಗಿಲ್ಲ. ತಿಂಗಳಿಗೆ 13 ಡಾಲರ್ ಸಂಬಳ ಕೆಲಸವಿಲ್ಲದ ಕೂಲಿಗೆ ಸಣ್ಣ ಮಾತಾಗಿರಲಿಲ್ಲ, ಮುಂದೆ ಸೇರಿದವರಿಗೆ ಮುಂಗಡದ ಹಣವೂ ಸಿಕ್ಕಿತು. ಯುದ್ಧವೇ ಬೇಡವೆಂದವರೂ ಇದ್ದರು: 1862ರ ನವೆಂಬರಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಪೋರ್ಟ್ ವಾಷಿಂಗ್ಟನ್ ಎಂಬ ಊರಿನಲ್ಲಿ, ಲಕ್ಸೆಂಬರ್ಗಿನವರೂ ಜರ್ಮನರೂ ಸೇರಿದ ಗುಂಪು ಕಡ್ಡಾಯ ಸೇನಾಭರ್ತಿಯ ವಿರುದ್ಧ ದೊಂಬಿ ಎಬ್ಬಿಸಿತು. ದಕ್ಷಿಣದ ಪಕ್ಷದಲ್ಲಿ ಕಾದಿದ ಜರ್ಮನರೂ ಇದ್ದರು, ಸಂಖ್ಯೆಯಲ್ಲಿ ಬಹಳ ಕಡಿಮೆ.

ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಔಗುಸ್ಟ್ ವಿಲ್ಲಿಕ್ ಎಂಬವನ ಬಳಿ. ಪ್ರಷ್ಯದ ಕುಲೀನ ಮನೆತನದಲ್ಲಿ ಹುಟ್ಟಿ, ಫಿರಂಗಿದಳದ ಅಧಿಕಾರಿಯಾಗಿ, ಆ ನೌಕರಿಯನ್ನು ಬಿಟ್ಟು ಬಡಗಿಯ ಕೆಲಸ ಕಲಿತವನು ಈತ. 1849ರ ಬಾಡೆನ್ ಬಂಡಾಯದಲ್ಲಿ ಈತನ ಪಡೆಯಲ್ಲಿ ಆಪ್ತಾಧಿಕಾರಿಯಾಗಿ ದುಡಿದವನು ಫ್ರೀಡ್ರಿಕ್ ಎಂಗೆಲ್ಸ್. ಕಾರ್ಲ್ ಮಾರ್ಕ್ಸ್ ತೀರ ಸೌಮ್ಯನೆಂದು ಜಗಳವಾಡಿದ ಈ ಮನುಷ್ಯ, ಅಮೆರಿಕಕ್ಕೆ ಬಂದು ಬ್ರೂಕ್ಲಿನ್ನಿನ ನೌಕಾಂಗಣದಲ್ಲಿ ಮರಗೆಲಸ ಮಾಡಿ, ಸಿನ್ಸಿನಾಟಿಯಲ್ಲಿ ಜರ್ಮನ್ ಪತ್ರಿಕೆಯೊಂದರ ಸಂಪಾದಕನಾಗಿ, ಯುದ್ಧ ಬಂದಾಗ ಇಂಡಿಯಾನದ 32ನೆಯ ರೆಜಿಮೆಂಟಿಗೆ ಕರ್ನಲ್ ಆದ. ಅದು ಪೂರ್ತಿ ಜರ್ಮನರ ರೆಜಿಮೆಂಟು, ಅಪ್ಪಣೆಗಳೂ ಜರ್ಮನ್ನಿನಲ್ಲೇ. ಸಿಪಾಯಿಗಳು ಆತನನ್ನು ‘ಪಾಪಾ’ ಎನ್ನುತ್ತಿದ್ದರು. ಉಳಿದ ಪಡೆಗಳು ಕಲ್ಲಿನಂಥ ಒಣ ಬಿಸ್ಕತ್ತನ್ನು ಕಾಫಿಯಲ್ಲಿ ನೆನೆಸಿ ತಿನ್ನುತ್ತಿದ್ದ ಕಾಲದಲ್ಲಿ ಈತ ಪಾಳೆಯದಲ್ಲಿ ಇಟ್ಟಿಗೆಯ ಒಲೆ ಕಟ್ಟಿಸಿ ತನ್ನವರಿಗೆ ಬಿಸಿ ರೊಟ್ಟಿ ಸುಡಿಸುತ್ತಿದ್ದ.

1862ರ ಏಪ್ರಿಲ್ 7ರಂದು, ಟೆನೆಸಿಯ ಶೈಲೋ ಕಾಳಗದ ಎರಡನೆಯ ದಿನ, ಎದುರಿನಿಂದ ಗುಂಡು ಸುರಿಯುತ್ತಿದ್ದಾಗ ಅವನ ಸಾಲು ಅಲುಗಾಡತೊಡಗಿತು. ವಿಲ್ಲಿಕ್ ಕುದುರೆಯನ್ನು ಸಾಲಿನ ಮುಂದಕ್ಕೆ ತಂದು, ಶತ್ರುವಿಗೆ ಬೆನ್ನು ಹಾಕಿ ನಿಂತು, ಮೈದಾನದ ಕವಾಯತಿನಂತೆಯೇ ಬಂದೂಕಿನ ಪಾಠ ಒಪ್ಪಿಸಿಕೊಳ್ಳತೊಡಗಿದ: ಬಂದೂಕು ಹೆಗಲಿಗೆ, ಬಂದೂಕು ಕೆಳಕ್ಕೆ, ಮತ್ತೆ ಹೆಗಲಿಗೆ. ಸಾಲು ನೆಟ್ಟಗಾದ ಮೇಲೆಯೇ ಮುಂದೆ ಸಾಗುವ ಅಪ್ಪಣೆ ಕೊಟ್ಟ. ಇಂಥದ್ದನ್ನು ಓದುವಾಗ ಮೆಚ್ಚುವುದೋ ನಗುವುದೋ ತಿಳಿಯುವುದಿಲ್ಲ, ಆದರೆ ಅದು ಕೆಲಸ ಮಾಡಿತು.

ಆ ರೆಜಿಮೆಂಟಿನ ಗುರುತು ಇನ್ನೊಂದಿದೆ. 1861ರ ಡಿಸೆಂಬರ್ 17ರಂದು ಕೆಂಟಕಿಯ ರೌಲೆಟ್ಸ್ ಸ್ಟೇಷನ್ ಎಂಬಲ್ಲಿ ದಕ್ಷಿಣದ ಪಕ್ಷದ ಟೆಕ್ಸಸ್ಸಿನ ಕುದುರೆಪಡೆ ಇವರ ಮೇಲೆ ನುಗ್ಗಿತು. ವಿಲ್ಲಿಕ್ ಕಲಿಸಿದಂತೆ ಸಿಪಾಯಿಗಳು ಚೌಕಾಕಾರವಾಗಿ ನಿಂತು ನಾಲ್ಕೂ ಕಡೆಗೆ ಬಂದೂಕು ಚಾಚಿ ಸವಾರರನ್ನು ತಡೆದರು. ಟೆಕ್ಸಸ್ ಪಡೆಯ ಕರ್ನಲ್ ಟೆರಿ ಅಲ್ಲಿಯೇ ಸತ್ತ. ತಮ್ಮ ಕಡೆ ಮಡಿದವರಿಗಾಗಿ ಔಗುಸ್ಟ್ ಬ್ಲೋಡ್ನರ್ ಎಂಬ ಸಾಮಾನ್ಯ ಸಿಪಾಯಿ ಮರು ತಿಂಗಳೇ ಸುಣ್ಣಕಲ್ಲಿನ ಚಪ್ಪಡಿಯೊಂದರಲ್ಲಿ ಹದ್ದನ್ನೂ ಧ್ವಜಗಳನ್ನೂ ಕಡೆದು, ಕೆಳಗೆ ಜರ್ಮನ್ನಿನಲ್ಲಿ ಇವರು ರೆಜಿಮೆಂಟಿನ ಮೊದಲ ಹುತಾತ್ಮರೆಂದು ಕೆತ್ತಿದ. ಅಮೆರಿಕದ ಅಂತರ್ಯುದ್ಧದ ಸ್ಮಾರಕಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಅದೇ. ಅದು ಮೆತ್ತನೆಯ ಕಲ್ಲು. ಮಳೆ, ಮಂಜುಗಳಿಗೆ ಪದರು ಪದರಾಗಿ ಎದ್ದು ಅಕ್ಷರಗಳು ಬಹುಪಾಲು ಉದುರಿಹೋದವು. 2008ರಲ್ಲಿ ಅದನ್ನು ಲೂಯಿವಿಲ್ಲಿನ ಕೇವ್ ಹಿಲ್ ಸ್ಮಶಾನದಿಂದ ಎಬ್ಬಿಸಿ, ದುರಸ್ತಿ ಮಾಡಿ, ವಸ್ತುಸಂಗ್ರಹಾಲಯದ ಒಳಗಿಟ್ಟರು.

ಇಷ್ಟು ಮಾಡಿದವರಿಗೆ ಜನರ ನೆನಪಿನಲ್ಲಿ ದೊರೆತದ್ದು ಬೇರೆಯೇ ಒಂದು ಸಂಜೆ.

ಪೂರ್ವದ ರಣರಂಗದಲ್ಲಿ, ವರ್ಜೀನಿಯದಲ್ಲಿದ್ದ ಸೇನೆಯ ಹನ್ನೊಂದನೆಯ ದಳದಲ್ಲಿ ಜರ್ಮನ್ ರೆಜಿಮೆಂಟುಗಳು ಹೆಚ್ಚಾಗಿದ್ದವು. ಅದರ ನಾಯಕನಾಗಿದ್ದ ಫ್ರಾಂಜ್ ಸೀಗೆಲ್ ಬಾಡೆನ್ ಬಂಡಾಯದ ಇನ್ನೊಬ್ಬ ಸೇನಾನಿ. ಸೇನಾನಿಯಾಗಿ ಆತ ಹೇಳಿಕೊಳ್ಳುವಂಥವನೇನಲ್ಲ, ಆದರೆ ‘ನಾನು ಸೀಗೆಲ್ ಜೊತೆ ಕಾದುವವನು’ ಎಂದು ಹರಕು ಇಂಗ್ಲಿಷಿನಲ್ಲಿ ಹೇಳುವುದು ಸಾವಿರಾರು ಜರ್ಮನರಿಗೆ ಹೆಮ್ಮೆಯ ಮಾತಾಗಿತ್ತು. 1863ರ ಆರಂಭದಲ್ಲಿ ಆತ ಮುನಿಸಿಕೊಂಡು ಹುದ್ದೆ ಬಿಟ್ಟ. ಆ ಜಾಗಕ್ಕೆ ಬಂದವನು ಆಲಿವರ್ ಹೋವರ್ಡ್: ಹಿಂದಿನ ವರ್ಷ ಬಲಗೈಯನ್ನು ಕಳೆದುಕೊಂಡಿದ್ದ ಧೈರ್ಯಶಾಲಿ, ಬಹಳ ದೈವಭಕ್ತ. ಬಿಯರು ಕುಡಿಯುವ, ಚರ್ಚಿನತ್ತ ತಲೆ ಹಾಕದ ಸ್ವತಂತ್ರ ವಿಚಾರದ ಜರ್ಮನರಿಗೂ ಅವನಿಗೂ ಹೊಂದಿಕೆಯಾಗಲಿಲ್ಲ.

1863ರ ಮೇ 2ರಂದು ಚಾನ್ಸೆಲರ್ಸ್‌ವಿಲ್ ಬಳಿ ಈ ದಳ ಇಡೀ ಸೇನೆಯ ಬಲತುದಿಯಲ್ಲಿತ್ತು. ಮುಖ ದಕ್ಷಿಣಕ್ಕೆ. ಬಲಕ್ಕೆ, ಎಂದರೆ ಪಶ್ಚಿಮಕ್ಕೆ, ಪೊದೆ ಮುಸುಕಿದ ಕಾಡು. ನದಿಯ ಆಸರೆಯಾಗಲಿ ಗುಡ್ಡದ ಆಸರೆಯಾಗಲಿ ಆ ತುದಿಗೆ ಇರಲಿಲ್ಲ. ಪಶ್ಚಿಮಕ್ಕೆ ಮುಖಮಾಡಿ ನಿಂತಿದ್ದವು ಎರಡು ರೆಜಿಮೆಂಟು, ಎರಡು ಫಿರಂಗಿ, ಅಷ್ಟೆ. ಬೆಳಗಿನಿಂದಲೂ ಕಾಡಿನಾಚೆ ಶತ್ರುಪಡೆ ಸರಿಯುತ್ತಿರುವ ಸುದ್ದಿ ಬರುತ್ತಲೇ ಇತ್ತು. ದಳದ ಮೂರು ವಿಭಾಗಗಳಲ್ಲಿ ಒಂದರ ಮುಖ್ಯಸ್ಥನಾಗಿದ್ದ ಜರ್ಮನ್ ವಲಸಿಗ ಕಾರ್ಲ್ ಶುರ್ಟ್ಸ್ ಹೋವರ್ಡನ ಬಳಿ ಹೋಗಿ, ಸಾಲನ್ನು ಪಶ್ಚಿಮಕ್ಕೆ ತಿರುಗಿಸೋಣವೆಂದು ವಾದಿಸಿದ. ಹೋವರ್ಡ್ ಒಪ್ಪಲಿಲ್ಲ. ಶುರ್ಟ್ಸ್ ತನ್ನ ಹೊಣೆಯ ಮೇಲೆಯೇ ಕೆಲವು ರೆಜಿಮೆಂಟುಗಳ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದ. ಸಂಜೆ ಐದೂವರೆಯ ಸುಮಾರಿಗೆ ಸಿಪಾಯಿಗಳು ಬಂದೂಕುಗಳನ್ನು ಒಂದಕ್ಕೊಂದು ಆನಿಸಿಟ್ಟು, ಒಲೆ ಹಚ್ಚಿ ರಾತ್ರಿಯೂಟಕ್ಕೆ ಅಣಿಯಾಗುತ್ತಿದ್ದರು. ಆಗ ಕಾಡಿನಿಂದ ಜಿಂಕೆಗಳೂ ಮೊಲಗಳೂ ದಿಕ್ಕೆಟ್ಟು ಓಡಿಬಂದವು. ಸಿಪಾಯಿಗಳು ಕೇಕೆ ಹಾಕಿ ನಕ್ಕರು. ಆ ಪ್ರಾಣಿಗಳ ಹಿಂದೆಯೇ ದಕ್ಷಿಣದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ನನ ಇಪ್ಪತ್ತೈದು ಸಾವಿರಕ್ಕೂ ಮೀರಿದ ಪಡೆ ಬಂತು.

ಮೊದಲು ಏಟು ಬಿದ್ದುದು ಚಾರ್ಲ್ಸ್ ಡೆವೆನ್ಸ್ ಎಂಬ ಅಮೆರಿಕನ್ನನ ವಿಭಾಗದ ಮೇಲೆ, ಅದು ಕುಸಿಯಿತು. ಅದುವರೆಗೆ ಕಾಳಗವನ್ನೇ ಕಂಡಿರದ ವಿಸ್ಕಾನ್ಸಿನ್ನಿನ 26ನೆಯ ಜರ್ಮನ್ ರೆಜಿಮೆಂಟು ಶುರ್ಟ್ಸ್ ನಿಲ್ಲಿಸಿದಲ್ಲೇ ನಿಂತು ಕಾದಿ, ತುಂಬ ಜನರನ್ನು ಕಳೆದುಕೊಂಡು ಹಿಂದೆಗೆಯಿತು. ಹೆಕರ್ ಗುಂಡೇಟು ತಿಂದು ಬಿದ್ದುದು ಅಲ್ಲಿಯೇ, ಇಲಿನಾಯ್‌ನ 82ನೆಯ ರೆಜಿಮೆಂಟಿನ ಮುಂದೆ. ಅದೊಲ್ಫಸ್ ಬುಶ್‌ಬೆಕ್‌ನ ಬ್ರಿಗೇಡು ಕೊನೆಯ ಸಾಲಾಗಿ ನಿಂತು ಇನ್ನಷ್ಟು ಹೊತ್ತು ತಡೆದುಕೊಂಡಿತು. ಸುಮಾರು ಹನ್ನೊಂದು ಸಾವಿರದ ದಳದಲ್ಲಿ ಸತ್ತವರು, ಗಾಯಾಳುಗಳು, ಸೆರೆಸಿಕ್ಕವರು ಸೇರಿ 2,400ರಷ್ಟಾದರು. ಮರುವಾರದ ಪತ್ರಿಕೆಗಳು ಬರೆದದ್ದು ಒಂದೇ ಮಾತು: ಡಚ್ಚರು ಓಡಿದರು. ಆ ದಳದಲ್ಲಿ ಜರ್ಮನರು ಅರ್ಧದಷ್ಟೂ ಇರಲಿಲ್ಲವೆಂಬುದನ್ನು ಎಣಿಸಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಶುರ್ಟ್ಸ್ ವಿಚಾರಣೆ ನಡೆಸಿರೆಂದು ಕೇಳಿದ, ಕಡೆಯ ಪಕ್ಷ ತನ್ನ ವರದಿಯನ್ನಾದರೂ ಪ್ರಕಟಿಸಿರೆಂದು ಕೇಳಿದ, ಎರಡೂ ಆಗಲಿಲ್ಲ. ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಕೂಪರ್ ಸಭಾಂಗಣದಲ್ಲಿ ಜರ್ಮನರು ಸೇರಿ ಪ್ರತಿಭಟಿಸಿದರು. ಇತ್ತ ಹೋವರ್ಡನಿಗೆ, ಮುಂದೆ ನಡೆದ ಗೆಟಿಸ್‌ಬರ್ಗ್ ಕಾಳಗಕ್ಕಾಗಿ, 1864ರ ಜನವರಿಯಲ್ಲಿ ಅಮೆರಿಕದ ಸಂಸತ್ತು ಕೃತಜ್ಞತೆಯ ನಿರ್ಣಯವನ್ನೇ ಅಂಗೀಕರಿಸಿತು.

ಗೆಟಿಸ್‌ಬರ್ಗಿನಲ್ಲೂ, 1863ರ ಜುಲೈ 1ರಂದು, ಇದೇ ದಳ ಊರಿನ ಉತ್ತರಕ್ಕೆ ಬಯಲಿನಲ್ಲಿ ಮುರಿದುಬಿತ್ತು. ಹಿಂದೆಗೆಯುವಾಗ ಅಲೆಕ್ಸಾಂಡರ್ ಶಿಮ್ಮೆಲ್‌ಫೆನಿಗ್ ಎಂಬ ಜನರಲ್ ಒಂದು ಮನೆಯ ಹಿತ್ತಿಲಿನಲ್ಲಿ ಸಿಕ್ಕಿಬಿದ್ದು, ಸೌದೆಯ ರಾಶಿಗೂ ಹಂದಿಗೂಡಿಗೂ ನಡುವೆ ಅಡಗಿ, ಊರು ಶತ್ರುವಿನ ಕೈಯಲ್ಲಿದ್ದಷ್ಟು ಕಾಲವೂ ಅಲ್ಲಿಯೇ ಕಳೆದ. ಮನೆಯೊಡತಿಯೂ ಜರ್ಮನ್ ಮೂಲದವಳೇ. ಹಂದಿಗಳಿಗೆ ಮುಸುರೆ ಹಾಕುವವಳಂತೆ ಬಕೆಟ್ಟು ಹಿಡಿದು ಬಂದು ರೊಟ್ಟಿ ನೀರು ಕೊಟ್ಟು ಹೋದಳು. ಈತನನ್ನು ಜನರಲ್ ಮಾಡುವಾಗ ಇನ್ನೂ ಸಮರ್ಥರಿದ್ದಾರಲ್ಲ ಎಂದವರಿಗೆ, ಆ ಹೆಸರೇ ಉಳಿದ ಕೊರತೆಯನ್ನೆಲ್ಲ ತುಂಬುತ್ತದೆ ಎಂದು ಲಿಂಕನ್ ಹೇಳಿದನೆಂಬ ಕತೆಯಿದೆ. ಹಂದಿಗೂಡಿನ ಕತೆ ಪತ್ರಿಕೆಗಳಿಗೆ ಹಬ್ಬವಾಯಿತು. 1864ರ ವಸಂತದಲ್ಲಿ ಹನ್ನೊಂದನೆಯ ದಳವನ್ನು ಹನ್ನೆರಡನೆಯದರೊಂದಿಗೆ ಬೆರೆಸಿ ಹೊಸ ಸಂಖ್ಯೆ ಕೊಟ್ಟರು, ಹಳೆಯ ಹೆಸರು ಅಳಿಯಿತು.

ಕೊನೆಯದಾಗಿ ಟೆಕ್ಸಸ್ಸಿನ ಒಂದು ಸಂಗತಿ. ದಕ್ಷಿಣದ ಬಂಡಾಯವನ್ನು ಸೇರಿದ ಆ ರಾಜ್ಯದ ಗುಡ್ಡಗಾಡಿನಲ್ಲಿ ಜರ್ಮನರ ಹಳ್ಳಿಗಳಿದ್ದವು. ಅಲ್ಲಿನವರಲ್ಲಿ ಅನೇಕರು ಒಕ್ಕೂಟದ ಪಕ್ಷಪಾತಿಗಳು. 1862ರ ಬೇಸಿಗೆಯಲ್ಲಿ ಅವರಲ್ಲಿ ಅರವತ್ತು ಚಿಲ್ಲರೆ ಮಂದಿ, ಮೆಕ್ಸಿಕೋ ದಾಟಿ ಒಕ್ಕೂಟದ ಸೇನೆಯನ್ನು ಸೇರುವ ಆಸೆಯಿಂದ ಹೊರಟರು. ಆಗಸ್ಟ್ 10ರ ನಸುಕಿನಲ್ಲಿ ನ್ಯೂಸೆಸ್ ನದಿಯ ಬಳಿ ಬಂಡಾಯದ ಪಡೆ ಅವರ ಮೇಲೆ ಬಿತ್ತು. ಕಾಳಗದಲ್ಲಿ 19 ಮಂದಿ ಸತ್ತರು. ಗಾಯಗೊಂಡು ಸೆರೆಸಿಕ್ಕವರನ್ನು ಆಮೇಲೆ ಕೊಂದರು. ಯಾರೂ ಮಣ್ಣು ಮಾಡಲಿಲ್ಲ. ಯುದ್ಧ ಮುಗಿದ ಮೇಲೆ, 1865ರಲ್ಲಿ, ಬಂಧುಗಳು ಹೋಗಿ ಮೂಳೆಗಳನ್ನು ಆಯ್ದುಕೊಂಡು ಕಂಫರ್ಟ್ ಎಂಬ ತಮ್ಮ ಊರಿಗೆ ತಂದರು. ಮರುವರ್ಷ ಅಲ್ಲಿ ಸುಣ್ಣಕಲ್ಲಿನ ಸ್ಮಾರಕವೊಂದನ್ನು ನಿಲ್ಲಿಸಿ, ಸತ್ತವರ ಹೆಸರುಗಳ ಜೊತೆಗೆ ಜರ್ಮನ್ನಿನಲ್ಲಿ ಮೂರು ಪದಗಳನ್ನು ಕೆತ್ತಿದರು: ‘ಟ್ರಾಯೆ ಡೆರ್ ಉನಿಯೋನ್’, ಒಕ್ಕೂಟಕ್ಕೆ ನಿಷ್ಠೆ. ಅದರ ಪಕ್ಕದ ಕಂಬದ ಮೇಲೆ ಅರ್ಧಕ್ಕಿಳಿಸಿ ಹಾರಿಸುವ ಅಮೆರಿಕದ ಧ್ವಜದಲ್ಲಿ ಇವತ್ತಿಗೂ ಇರುವುದು 36 ನಕ್ಷತ್ರ, ಆ ಕಲ್ಲನ್ನು ನಿಲ್ಲಿಸಿದ ವರ್ಷ ಇದ್ದಷ್ಟು.

ನಮಸ್ಕಾರ.