ಮನೆಯನ್ನು ಮಳೆಯಲ್ಲಿ ನೋಡಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿದ್ದು ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷವನ್ನು ಈ ಮೈಕ್ ತಿಂದಿತು. ಹಾಗಾಗಿ 'ಮನೆ ಕಟ್ಟಿ ನೋಡು' ಗಾದೆಯನ್ನು ಬಿಟ್ಟುಬಿಡುತ್ತೇನೆ. ಮೊದಲ ಮನೆ ಕೊಳ್ಳುವವರ ಸಭೆಯಲ್ಲಿ ಅದನ್ನು ಹೇಳದವರೇ ಇಲ್ಲ. ನಾನು ಕಟ್ಟಿ ನೋಡಿದವನಲ್ಲ. ನೋಡದೇ ಕೊಂಡವನು. ಆ ಕಥೆ ಮೊದಲು ಹೇಳಿಬಿಡುತ್ತೇನೆ.

ಒಂದು ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದೆ. ಬೇಸಿಗೆ. ರಸ್ತೆಯಲ್ಲಿ ನಾಯಿ ಕೂಡ ಮಲಗಿತ್ತು. ಒಳಗೆಲ್ಲ ಬೆಳಕು, ಗೋಡೆಗೆಲ್ಲ ಬಣ್ಣ. ಮಾರುವವರು ಕೂರಿಸಿ ನೀರು ಕೊಟ್ಟು ಚೆನ್ನಾಗಿ ಮಾತಾಡಿಸಿದರು. ನಾನಾಗಲೇ ಪುಸ್ತಕದ ಕಪಾಟು ಯಾವ ಗೋಡೆಗೆ ಅಂತ ಗೇಣು ಹಾಕಿ ಅಳೆಯುತ್ತಿದ್ದೆ. ಜೊತೆಗೆ ಅಕ್ಕ ಬಂದಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಾ ಗೋಡೆ ಬಿಟ್ಟು ಇದೊಂದರಲ್ಲಿ ಮಾತ್ರ ಯಾಕೋ ಬಣ್ಣದ ವಾಸನೆ ಇಷ್ಟು ಹೊಡೀತಿದೆ?" ನಾನು ಅವಳ ಕೈ ಚಿವುಟಿ, "ಸುಮ್ನಿರು ಅಕ್ಕಾ, ಅವರಿಗೆ ಕೇಳಿಸುತ್ತೆ" ಅಂದೆ.

ಮಳೆ ಶುರುವಾದ ಮೂರನೇ ದಿನ ಆ ಗೋಡೆಯಲ್ಲಿ ಅಂಗೈಯಷ್ಟು ಕಲೆ ಬಂತು. ವಾರದಲ್ಲಿ ಅದು ಕೈಕಾಲು ಚಾಚಿತು. ಆಮೇಲೆ ಬಣ್ಣ ಉಬ್ಬಿ, ಹಪ್ಪಳದ ಹಾಗೆ ಎದ್ದು, ಒಳಗಿಂದ ಬಿಳಿ ಪುಡಿ ಉದುರತೊಡಗಿತು. ಗಾರೆ ಮೇಸ್ತ್ರಿ ಬಂದ. ಸ್ಕ್ರೂಡ್ರೈವರ್ ಹಿಡಿಯಿಂದ ಗೋಡೆ ತಟ್ಟಿದ. ಟೊಳ್ಳು ಸದ್ದು. ಒಂದು ಹಕ್ಕಳೆ ಕಿತ್ತು ನನ್ನ ಕೈಗಿಟ್ಟ. "ಇದು ಈ ವರ್ಷದ ನೀರಲ್ಲ ಸಾರ್. ಬಣ್ಣ ಎಣಿಸಿ ನೋಡಿ." ಎಣಿಸಿದೆ. ನಾಲ್ಕು ಪದರ, ನಾಲ್ಕು ಬಣ್ಣ. ಪ್ರತಿ ಮಳೆಗಾಲ ಮುಗಿದ ಮೇಲೂ ಒಂದೊಂದು ಬಳಿದಿದ್ದರು. ಆ ಬಿಳಿ ಪುಡಿ ಉಪ್ಪು. ಗೋಡೆಯೊಳಗೆ ಹರಿದ ನೀರು ಗಾರೆಯ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬಣ್ಣ ಬಳಿದರೆ ಕಲೆ ಮುಚ್ಚುತ್ತದೆ, ನೀರು ಬರುವ ದಾರಿ ಮುಚ್ಚುವುದಿಲ್ಲ.

ಮಾರಿದವರು ನನಗೆ ಸುಳ್ಳು ಹೇಳಲಿಲ್ಲ, ಯಾಕೆಂದರೆ ನಾನು ಕೇಳಲೇ ಇಲ್ಲ. ಕೇಳಿದವಳನ್ನೂ ಸುಮ್ಮನಿರಿಸಿದೆ!

ಅವತ್ತಿನಿಂದ ಯಾರು ಸಲಹೆ ಕೇಳಿದರೂ ನನ್ನದು ಒಂದೇ ಮಾತು. ಮನೆಯನ್ನು ಮಳೆಯಲ್ಲಿ ನೋಡಿ. ಮಳೆಗಾಲಕ್ಕೆ ಕಾಯಲು ಆಗದಿದ್ದರೆ, ಮಳೆ ಬಿಟ್ಟುಹೋದ ಗುರುತನ್ನು ಹುಡುಕಿ. ಸಿಂಕಿನ ಕೆಳಗೆ ಕೈ ಹಾಕಿ. ಕಪಾಟು ತೆಗೆದು ಮೂಸಿ ನೋಡಿ. ನಾಚಿಕೆ ಬೇಡ. ಅಷ್ಟು ದುಡ್ಡು ಕೊಡುವವರಿಗೆ ಮೂಸುವ ಹಕ್ಕಿದೆ. ಎಲ್ಲಾ ನಲ್ಲಿಗಳನ್ನು ಒಟ್ಟಿಗೆ ಬಿಟ್ಟು, ನೀರು ಎಷ್ಟು ಸಣ್ಣಗಾಗುತ್ತದೆ ನೋಡಿ. ನೆಲದ ಮೇಲೆ ಒಂದು ಗೋಲಿ ಇಡಿ, ಅದು ಯಾವ ಕಡೆ ಓಡುತ್ತದೆ ಅಂತ ಗೊತ್ತಾಗುತ್ತದೆ. ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಹೆಚ್ಚಾಗಿ ಹೆದರಬೇಕಿಲ್ಲ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಹೋಗ್ತಾ ಹೋಗ್ತಾ ಅಗಲವಾಗುವ ಬಿರುಕು ಬೇರೆ ಜಾತಿ. ಅಡಿಪಾಯ ಒಂದು ಕಡೆ ಕುಸಿಯುತ್ತಿರಬಹುದು. ಅಲ್ಲಿ ನಿಮ್ಮ ಜಾಣತನ ಸಾಲದು, ಎಂಜಿನಿಯರ್ ಕರೆಸಿ. ಕೆಲಸದ ದಿನ ಬೆಳಗ್ಗೆ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೋಗಿ ಬನ್ನಿ. ನನ್ನ ಆ ನಿಶ್ಶಬ್ದ ರಸ್ತೆ ಸೋಮವಾರ ಬೆಳಗ್ಗೆ ಎಂಟಕ್ಕೆ ಹೇಗಿರುತ್ತಿತ್ತು ಅಂತ ಹೇಳಲು ಹೊರಟರೆ ಇನ್ನೊಂದು ಉಪನ್ಯಾಸವಾಗುತ್ತದೆ.

ಗೋಡೆಯ ಮಾತಾಯಿತು. ಈಗ ಸಾಲ. ಸಾಲವನ್ನೂ ಮಳೆಯಲ್ಲೇ ನೋಡಬೇಕು. ನಗಬೇಡಿ, ಲೆಕ್ಕ ಕೇಳಿ.

ಸಾವಿರ ಸಾಲ ಅಂತಿಟ್ಟುಕೊಳ್ಳಿ. ಯಾವ ದೇಶದ ದುಡ್ಡಾದರೂ ಆಗಲಿ. ವರ್ಷಕ್ಕೆ ಶೇಕಡಾ 9 ಬಡ್ಡಿ, 20 ವರ್ಷ. ತಿಂಗಳ ಕಂತು ಹೆಚ್ಚು ಕಡಿಮೆ 9 ಬರುತ್ತದೆ. 240 ಕಂತು ಕಟ್ಟಿದರೆ 2,160. ಅಂದರೆ ಸಾವಿರ ತಂದು ಎರಡು ಸಾವಿರಕ್ಕೂ ಜಾಸ್ತಿ ಕಟ್ಟಿದಿರಿ. ಇದು ನಿಮಗೆಲ್ಲ ಗೊತ್ತಿರುವುದೇ. ನನ್ನ ನಿದ್ದೆಗೆಡಿಸಿದ್ದು ಇದಲ್ಲ. ಮೊದಲ ಕಂತಿನ 9ರಲ್ಲಿ ಏಳೂವರೆ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಒಂದೂವರೆ. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲು ಕರಗಿರುವುದು ಶೇಕಡಾ 11ರಷ್ಟು ಮಾತ್ರ. ಅಸಲಿನ ಅರ್ಧ ತೀರಲು ಎಷ್ಟು ವರ್ಷ ಬೇಕು, ಹೇಳಿ ನೋಡೋಣ? ಹತ್ತು ಅಂತ ಆ ಕಡೆಯಿಂದ ಯಾರೋ ಅಂದರು. ಹದಿನಾಲ್ಕು!

ಇದು ಬಿಸಿಲಿನ ಲೆಕ್ಕ. ಮಳೆ ಬರಲಿ. ಬಡ್ಡಿ ಒಂದೇ ಒಂದು ಹೆಚ್ಚಾಗಿ 10 ಆಯಿತು. ಬ್ಯಾಂಕಿನವರು "ಚಿಂತೆ ಬೇಡ, ಕಂತು ಅಷ್ಟೇ ಇರಲಿ, ಅವಧಿ ಸ್ವಲ್ಪ ಉದ್ದವಾಗುತ್ತದೆ" ಅಂತಾರೆ. ಆ 'ಸ್ವಲ್ಪ' ಎಷ್ಟು ಗೊತ್ತಾ? ಶುರುವಿನಲ್ಲೇ ಏರಿದ್ದರೆ 20 ವರ್ಷದ ಸಾಲ 26 ವರ್ಷವಾಗುತ್ತದೆ. ಶೇಕಡಾ 11 ಆದರೆ? ಆಗ ತಿಂಗಳ ಬಡ್ಡಿಯೇ 9ನ್ನು ದಾಟುತ್ತದೆ. ನೀವು ಕಟ್ಟುತ್ತಲೇ ಇರುತ್ತೀರಿ, ಸಾಲ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಸಾಲ ತೆಗೆಯುವ ಮೊದಲು ಬಡ್ಡಿಗೆ ಎರಡು ಸೇರಿಸಿ ಕಂತು ಲೆಕ್ಕ ಹಾಕಿ. ಅಷ್ಟು ಕಟ್ಟಿದರೂ ಮನೆ ನಡೆಯುತ್ತದಾ? ನಡೆದರೆ ಸರಿ. ಇಲ್ಲವಾದರೆ ಆ ಮನೆ ನಿಮಗೆ ಬಿಸಿಲಲ್ಲಿ ಮಾತ್ರ ಸಿಗುವಂಥದ್ದು.

ಒಂದು ಒಳ್ಳೆಯ ಸುದ್ದಿಯೂ ಇದೆ. ಅದೇ 9ರ ಸಾಲದಲ್ಲಿ ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿದರೆ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ತೀರುತ್ತದೆ.

ಈಗ ಬಾಡಿಗೆ ಬರುತ್ತದೆ ಅಂತ ಎರಡನೇ ಮನೆ ಕೊಳ್ಳಲು ಹೊರಟವರು. ಕೈ ಎತ್ತಿ... ಪರವಾಗಿಲ್ಲ, ತುಂಬಾ ಜನ ಇದ್ದೀರಿ. ಮನೆ ಬೆಲೆ ಸಾವಿರ, ತಿಂಗಳ ಬಾಡಿಗೆ 4. ವರ್ಷಕ್ಕೆ 48 ಅಂತ ಬ್ರೋಕರ್ ಬರೆದು ತೋರಿಸುತ್ತಾರೆ. ಒಂದು ತಿಂಗಳು ಮನೆ ಖಾಲಿ ಬಿತ್ತು. 44 ಆಯಿತು. ರಿಪೇರಿ, ತೆರಿಗೆ, ವಿಮೆ ಎಲ್ಲಾ ಸೇರಿ 10 ಹೋಯಿತು ಅನ್ನಿ. ಉಳಿದಿದ್ದು 34. ಬೆಲೆಯಲ್ಲಿ 800 ಸಾಲವಾದರೆ, ಅದೇ ಶೇಕಡಾ 9 ಬಡ್ಡಿ, 20 ವರ್ಷಕ್ಕೆ, ವರ್ಷದ ಕಂತು 86. ಮಿಕ್ಕ 52 ಯಾರ ಜೇಬಿನಿಂದ? "ಬಾಡಿಗೆಯಲ್ಲೇ ಸಾಲ ತೀರುತ್ತೆ ಬಿಡಿ" ಅಂದವರನ್ನು ಆಗ ಹುಡುಕಿದರೆ ಸಿಗುವುದಿಲ್ಲ. ಬಾಡಿಗೆಯನ್ನೂ ಮಳೆಯಲ್ಲಿ ನೋಡಿ.

"ಆದರೆ ಬೆಲೆ ಏರುತ್ತಲ್ಲ ಸಾರ್, ಭೂಮಿ ಎಲ್ಲಿ ಹೋಗುತ್ತೆ?" ಈ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಭೂಮಿ ಎಲ್ಲೂ ಹೋಗುವುದಿಲ್ಲ, ನಿಜ. ಬೆಲೆ ಹೋಗುತ್ತದೆ. ಜಪಾನಿನಲ್ಲಿ 1991ರ ಸುಮಾರಿಗೆ ಶಿಖರ ಮುಟ್ಟಿದ ಜಮೀನಿನ ಬೆಲೆ ಆಮೇಲೆ ವರ್ಷಗಟ್ಟಲೆ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರಿಂದ 2012ರೊಳಗೆ ಮನೆಗಳ ಬೆಲೆ ಸರಾಸರಿ ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಮ್‌ಸ್ಟರ್‌ಡ್ಯಾಮಿನ ಕಥೆ. ಅಲ್ಲಿ ಹೆರೆನ್‌ಗ್ರಾಖ್ಟ್ ಅಂತ ಒಂದು ಕಾಲುವೆ. ದಂಡೆಯ ಮೇಲೆ ಶ್ರೀಮಂತರ ಮನೆಗಳು. ಪೀಟ್ ಐಖ್‌ಹೋಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1628ರಿಂದ 1973ರವರೆಗೆ ಆ ಮನೆಗಳು ಕೈಬದಲಾದ ಬೆಲೆಗಳನ್ನು ಲೆಕ್ಕ ಹಾಕಿದರು. ಹಣದುಬ್ಬರ ಕಳೆದರೆ ಬೆಲೆ ಏರಿದ್ದು ಹೆಚ್ಚು ಕಡಿಮೆ ಎರಡು ಪಟ್ಟು. ಎರಡು ಪಟ್ಟಾ, ಪರವಾಗಿಲ್ಲ ಅನಿಸುತ್ತೆ, ಅಲ್ವಾ? ಸುಮಾರು ಮುನ್ನೂರ ನಲವತ್ತೈದು ವರ್ಷಕ್ಕೆ ಸ್ವಾಮಿ!

ಸಾಲ ಮಾಡಿ ಕೊಂಡವರಿಗೆ ಈ ಇಳಿತ ಇನ್ನೂ ಜೋರಾಗಿ ತಾಗುತ್ತದೆ. ನೂರರ ಮನೆಗೆ ನಿಮ್ಮದು 20, ಸಾಲ 80. ಬೆಲೆ ಬರೀ ಹತ್ತು ಬಿದ್ದರೆ ನಿಮ್ಮ ದುಡ್ಡಿನಲ್ಲಿ ಅರ್ಧ ಮಾಯ. ಸಾಲ ಮಾತ್ರ ಹಾಗೇ ಇರುತ್ತದೆ.

ಚೀಟಿ ಬಂತು. ಐದು ನಿಮಿಷವಂತೆ. ಕಾಗದಪತ್ರದ ಬಗ್ಗೆ ಆರು ಅಂಶ ಬರೆದುಕೊಂಡು ಬಂದಿದ್ದೆ, ಎರಡು ಹೇಳುತ್ತೇನೆ. ಮಾರುವವರು ನಿಜವಾಗಿ ಮಾಲೀಕರಾ, ಆಸ್ತಿಯ ಮೇಲೆ ಅಡಮಾನ ಅಥವಾ ಕೋರ್ಟ್ ತಕರಾರು ಇದೆಯಾ ಅಂತ ನೋಡಲು ನಿಮ್ಮದೇ ಲಾಯರ್ ಇರಲಿ. ಮಾರುವವರು "ನಮ್ಮ ಲಾಯರೇ ಎಲ್ಲಾ ನೋಡ್ಕೋತಾರೆ" ಅಂದರೆ ಕೈಮುಗಿದು ಬೇಡ ಅನ್ನಿ. ಎರಡನೆಯದು, ಇವತ್ತೇ ಮುಂಗಡ ಕೊಡಿ, ಇನ್ನೊಬ್ಬರು ಕಾಯುತ್ತಿದ್ದಾರೆ ಅಂದರೆ ಆ ಇನ್ನೊಬ್ಬರಿಗೇ ಕೊಡಲು ಹೇಳಿ. ಉಳಿದ ನಾಲ್ಕು ಹೊರಗೆ ಸಿಕ್ಕಾಗ.

ಸಭೆಗೆ ಮೊದಲು ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಬಾಡಿಗೆಗೆ ಇರಲಾ, ಕೊಳ್ಳಲಾ?" ಅಂತ ಕೇಳಿದ್ದ. ಎಲ್ಲಿದ್ದೀಯಪ್ಪಾ? ಐದು ವರ್ಷದೊಳಗೆ ಕೆಲಸ ಬಿಡುವ, ಊರು ಬಿಡುವ ಯೋಚನೆ ಇದ್ದರೆ ಬಾಡಿಗೆಗೇ ಇರು. ಐದು ವರ್ಷ ಕಟ್ಟಿದರೂ ಅಸಲು ಕರಗುವುದು ಶೇಕಡಾ 11 ಮಾತ್ರ, ನೆನಪಿದೆಯಲ್ಲ? ಅದರ ಮೇಲೆ ಕೊಳ್ಳುವಾಗಿನ ತೆರಿಗೆ, ನೋಂದಣಿ ಖರ್ಚು, ಮಾರುವಾಗಿನ ದಲ್ಲಾಳಿ. ಅಷ್ಟರಲ್ಲಿ ಬೆಲೆ ಚೆನ್ನಾಗಿ ಏರಿರದಿದ್ದರೆ ಕೈಗೇನೂ ಬರುವುದಿಲ್ಲ.

ಮುಂದಿನ ಸಾಲಿನವರು ಆ ಗೋಡೆ ಏನಾಯಿತು ಅಂತ ಕೇಳ್ತಿದ್ದಾರೆ. ತಾರಸಿಯಲ್ಲಿ ಪೈಪು ಇಳಿಯುವ ಜಾಗದ ಸುತ್ತ ಬಿರುಕಿತ್ತು. ಅಲ್ಲಿ ಒಡೆದು, ಮುಚ್ಚಿಸಿ, ಹೊಸದಾಗಿ ಗಾರೆ ಮಾಡಿಸಿದೆವು. ಎರಡು ಮಳೆಗಾಲ ಕಳೆದಿವೆ, ಗೋಡೆ ಒಣಗಿದೆ. ಪುಸ್ತಕದ ಕಪಾಟನ್ನು ಮಾತ್ರ ಇನ್ನೂ ಅಲ್ಲಿ ಇಟ್ಟಿಲ್ಲ. ಅಕ್ಕ ಮೂರನೇ ಮಳೆಯೂ ಆಗಲಿ ಅಂದಿದ್ದಾಳೆ.